ಬೆಳಗಿನ ಮೊದಲ ಚೆಂಬು ನೀರು: ಶಿರಸಿಯ ಒಂದು ಮನೆಯಲ್ಲಿ ಸೀಸ ಹುಡುಕಿದ ಪ್ರಕರಣ

ಇದು ಶಿರಸಿ ಪೇಟೆಯ ಒಂದು ಮನೆಯಲ್ಲಿ ನಡೆದದ್ದು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಯಾರ ಹೆಸರೂ ಇಲ್ಲ, ಕೇರಿ ಯಾವುದು ಎಂದೂ ಹೇಳುವುದಿಲ್ಲ. ಆದರೆ ನಾವು ಏನು ಮಾಡಿದೆವು, ಎಲ್ಲಿ ತಪ್ಪಿದೆವು ಎಂಬುದನ್ನು ಮುಚ್ಚಿಡುವುದಿಲ್ಲ. ತಪ್ಪಿದವರಲ್ಲಿ ಮೊದಲನೆಯವನು ನಾನೇ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದ ಮೇಲೆ, ಯಾರಾದರೂ ಬಾವಿ ನೀರು ತಂದುಕೊಟ್ಟರೆ ಪರೀಕ್ಷೆ ಮಾಡಿ ಹೇಳುತ್ತಾ ಬಂದಿದ್ದೇನೆ. ಸೀಸ (ಲೆಡ್) ಎಂಬ ವಿಷದ ಲೋಹದ ಪರೀಕ್ಷೆಗೆ ಬೇಕಾದ ಯಂತ್ರ ನನ್ನಲ್ಲಿಲ್ಲ. ಅದನ್ನು ಹುಬ್ಬಳ್ಳಿಗೆ ಕಳಿಸಬೇಕು.

ಮನೆ ಮತ್ತು ನೀರು

ಚಿರೆಕಲ್ಲಿನ ಹಳೆಯ ಮನೆ. ಮುಂದೆ ಮಾಲೀಕರಾದ ಹಿರಿಯ ಹೆಂಗಸು ಇರುತ್ತಾರೆ. ಬಿಡಾರದವರೆಲ್ಲ ಅವರನ್ನು ಆಯಿ ಎಂದೇ ಕರೆಯುತ್ತಾರೆ. ಹಿಂದೆ ಆಮೇಲೆ ಕಟ್ಟಿದ ಮೂರು ಬಾಡಿಗೆ ಬಿಡಾರಗಳಿವೆ. ಎರಡು ಕೆಳಗೆ, ಒಂದು ಮೇಲೆ.

ಶಿರಸಿ ನಗರಕ್ಕೆ ಕೆಂಗ್ರೆ ಹೊಳೆಯಿಂದ ಮತ್ತು ಮಾರಿಗದ್ದೆಯಿಂದ ನೀರು ಬರುತ್ತದೆ. ಮಳೆಗಾಲದಲ್ಲಿ ತೊಂದರೆ ಇಲ್ಲ. ಬೇಸಿಗೆ ಬಂತೆಂದರೆ ಈ ಮನೆಗೆ ನಲ್ಲಿ ನೀರು ದಿನ ಬಿಟ್ಟು ದಿನ. ಆಗ ಅಂಗಳದ ಬಾವಿಯ ಪಂಪು ಚಾಲೂ ಆಗುತ್ತದೆ. ಎರಡೂ ನೀರು ತಾರಸಿಯ ಮೇಲಿನ ಒಂದೇ ಟ್ಯಾಂಕಿಗೆ ಹೋಗಿ, ಅಲ್ಲಿಂದ ನಾಲ್ಕೂ ಅಡುಗೆಮನೆಗೆ ಇಳಿಯುತ್ತದೆ.

ನಮ್ಮ ಕಡೆಯ ಬಾವಿ ನೀರಿನ ಬಗ್ಗೆ ನಮಗೆಲ್ಲ ಹೆಮ್ಮೆ. ಸೋಪು ಒಂದು ಸಲ ಉಜ್ಜಿದರೆ ಕೈ ತುಂಬ ನೊರೆ. ಬೇಳೆ ಬೇಗ ಬೇಯುತ್ತದೆ. ಬಯಲುಸೀಮೆಯ ಬೋರ್‌ವೆಲ್ ನೀರಿನ ಹಾಗೆ ಪಾತ್ರೆಗೆ ಬಿಳಿ ಕಟ್ಟುವುದಿಲ್ಲ. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ತೋರಿಸುವ ಟಿಡಿಎಸ್ ಮೀಟರ್ ಅದ್ದಿದರೆ ಐವತ್ತೂ ತೋರಿಸುವುದಿಲ್ಲ. "ಬಾಟಲಿ ನೀರಿಗಿಂತ ಚೊಲೋ" ಎಂದು ಈ ಮನೆಯವರೂ ಹೇಳುತ್ತಿದ್ದರು. ಅವರು ಹೇಳುತ್ತಿದ್ದುದು ಸುಳ್ಳಲ್ಲ. ಆದರೆ ಅದಕ್ಕೆ ಇನ್ನೊಂದು ಮಗ್ಗಲು ಇದೆ. ಜಂಬಿಟ್ಟಿಗೆ ಮಣ್ಣಿನಲ್ಲಿ ಸುಣ್ಣದ ಅಂಶ ತೀರಾ ಕಡಿಮೆ. ಮಳೆ ನೀರು ಅದರೊಳಗೆ ಇಳಿದು ಬಾವಿಗೆ ಬರುವಾಗ ಮೆತ್ತಗಿರುತ್ತದೆ, ಜೊತೆಗೆ ಸ್ವಲ್ಪ ಹುಳಿ ಗುಣದ್ದೂ ಆಗಿರುತ್ತದೆ. ನಾಲಿಗೆಗೆ ಗೊತ್ತಾಗುವ ಹುಳಿ ಅಲ್ಲ. ಹುಳಿ ಅಳೆಯುವುದು ಪಿಎಚ್ ಎಂಬ ಲೆಕ್ಕದಲ್ಲಿ, ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ. ಈ ಬಾವಿಯ ಪಿಎಚ್ 5.8 ಇತ್ತು. ಕುಡಿಯುವ ನೀರಿಗೆ 6.5ರಿಂದ 8.5ರ ಒಳಗೆ ಇರಬೇಕು ಅಂತ ಲೆಕ್ಕ. ಗಡುಸು ನೀರು ಪೈಪಿನ ಒಳಮೈಗೆ ತೆಳ್ಳಗೆ ಸುಣ್ಣದ ಪದರ ಕಟ್ಟಿ ಲೋಹವನ್ನು ಮುಚ್ಚಿಬಿಡುತ್ತದೆ. ನಮ್ಮ ಮೆತ್ತಗಿನ ನೀರು ಹಾಗೆ ಮಾಡುವುದಿಲ್ಲ. ಲೋಹ ಸಿಕ್ಕಿದರೆ ಅದನ್ನೇ ಕರಗಿಸಿಕೊಳ್ಳುತ್ತದೆ.

ಕೂಸಿಗೆ ಏನಾಗಿತ್ತು

ಕೆಳಗಿನ ಒಂದು ಬಿಡಾರದಲ್ಲಿ ನಾಲ್ಕು ವರ್ಷದ ಹೆಣ್ಣುಕೂಸು. ಡಿಸೆಂಬರ್‌ನಿಂದ ಊಟ ಬೇಡ ಅನ್ನತೊಡಗಿತು. ಆಗಾಗ ಹೊಟ್ಟೆನೋವು. ಮುಖ ಬಿಳಿಚಿಕೊಂಡಿತ್ತು. ರಕ್ತ ಕಡಿಮೆ ಇದೆ ಎಂದು ಕಬ್ಬಿಣಾಂಶದ ಔಷಧಿ ಕೊಟ್ಟರು. ಜಂತುಹುಳದ ಮಾತ್ರೆಯೂ ಆಯಿತು. ಮೂರು ತಿಂಗಳು ಕಳೆದರೂ ಹಿಮೋಗ್ಲೋಬಿನ್ ಏರಲೇ ಇಲ್ಲ. ಆಗ ಹುಬ್ಬಳ್ಳಿಯ ಮಕ್ಕಳ ಡಾಕ್ಟರೊಬ್ಬರು ರಕ್ತದಲ್ಲಿ ಸೀಸ ನೋಡಿಸಿ ಎಂದರು. ಈ ಪ್ರಕರಣದ ಮೊದಲ ಒಳ್ಳೆಯ ತೀರ್ಮಾನ ಅದು. ಇಲ್ಲದಿದ್ದರೆ ಔಷಧಿ ಬದಲಿಸುತ್ತಲೇ ಇರುತ್ತಿದ್ದರು.

ವರದಿಯಲ್ಲಿ 100 ಮಿಲಿಲೀಟರ್ ರಕ್ತಕ್ಕೆ 11 ಮೈಕ್ರೋಗ್ರಾಂ ಎಂದು ಬಂತು. 5 ದಾಟಿದರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಷ್ಟಾದರೆ ಪರವಾಗಿಲ್ಲ ಎನ್ನುವ ಮಟ್ಟವೇ ಸೀಸಕ್ಕೆ ಇಲ್ಲ ಎಂದೂ ಅದು ಹೇಳುತ್ತದೆ. ನುಂಗಿದ ಸೀಸವನ್ನು ಸಣ್ಣ ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಹೀರಿಕೊಳ್ಳುತ್ತದೆ. ಮೈಯಲ್ಲಿ ಕಬ್ಬಿಣ ಕಡಿಮೆ ಇದ್ದರೆ ಇನ್ನೂ ಜಾಸ್ತಿ. ಸೀಸವೂ ರಕ್ತ ಆಗುವುದನ್ನು ತಡೆಯುತ್ತದೆ. ಒಂದಕ್ಕೊಂದು ಸೇರಿ ಕೂಸನ್ನು ಹಿಂಡುತ್ತಿದ್ದವು.

ಮದ್ದು ಕೊಟ್ಟು ಸೀಸ ತೆಗೆಯುವ ಚಿಕಿತ್ಸೆ ಇಷ್ಟಕ್ಕೆ ಬೇಡ, ಅದು ರಕ್ತದಲ್ಲಿ ಸೀಸ 45 ಮೈಕ್ರೋಗ್ರಾಂ ದಾಟಿದವರಿಗೆ ಎಂದರು ಡಾಕ್ಟರು. ಮೂಲ ನಿಲ್ಲಿಸುವುದೇ ಚಿಕಿತ್ಸೆ. ಕೂಸಿನ ಅಪ್ಪ ವರದಿ ಹಿಡಿದುಕೊಂಡು ನನ್ನ ಮನೆಗೆ ಬಂದರು. "ಮಾಸ್ತರೇ, ಎಲ್ಲಿಂದ ಬಂತು ಇದು?"

ಮೊದಲ ಹುಡುಕಾಟ, ಮೊದಲ ತಪ್ಪು

ಸೀಸ ಬರುವ ದಾರಿ ಒಂದೆರಡಲ್ಲ. ಹಳೆಯ ಬಣ್ಣ, ಅಂಗಡಿ ಕಾಡಿಗೆ, ಹೊಳಪಿಗೆಂದು ಕಲಬೆರಕೆ ಮಾಡಿದ ಅರಿಶಿನ ಪುಡಿ, ಬ್ಯಾಟರಿ ಕೆಲಸ ಮಾಡುವ ಅಪ್ಪನ ಬಟ್ಟೆ. ಒಂದೊಂದಾಗಿ ನೋಡಿದೆವು. ಗೋಡೆಗೆ ಸುಣ್ಣ ಬಿಟ್ಟು ಬೇರೆ ಬಣ್ಣವೇ ಇರಲಿಲ್ಲ. ಕಾಡಿಗೆ ಮನೆಯಲ್ಲೇ ದೀಪದ ಮಸಿಯಿಂದ ಮಾಡಿದ್ದು. ಅರಿಶಿನ ತೋಟದ್ದು. ಅಪ್ಪನದು ಬಟ್ಟೆ ಅಂಗಡಿಯಲ್ಲಿ ಕೆಲಸ. ಉಳಿದದ್ದು ಪಾತ್ರೆ ಮತ್ತು ನೀರು. ಪಾತ್ರೆಗಳೆಲ್ಲ ಸ್ಟೀಲು.

ನೀರಿಗೆ ಭಾರತೀಯ ಮಾನಕ ಐಎಸ್ 10500 ಇಟ್ಟ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಬೇರೆ ನೀರು ಸಿಗದಿದ್ದರೆ ಸ್ವಲ್ಪ ಸಡಿಲ ಎಂಬ ಮಾತು ಸೀಸಕ್ಕೆ ಇಲ್ಲ. ಹತ್ತು ಮೈಕ್ರೋಗ್ರಾಂ ಅಂದರೆ ಗ್ರಾಮಿನ ಲಕ್ಷದ ಒಂದು ಪಾಲು. ಬಣ್ಣ ಇಲ್ಲ, ರುಚಿ ಇಲ್ಲ, ವಾಸನೆ ಇಲ್ಲ. ಟಿಡಿಎಸ್ ಮೀಟರ್ ಇಷ್ಟು ಸಣ್ಣದನ್ನು ತೋರಿಸುವುದೇ ಇಲ್ಲ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹೋದೆ. ಅಡುಗೆಮನೆ ನಲ್ಲಿ ತಿರುವಿ ಮೂರು ನಿಮಿಷ ನೀರು ಹರಿಯಬಿಟ್ಟು, ಆಮೇಲೆ ಬಾಟಲಿ ತುಂಬಿದೆ. ಹತ್ತು ದಿನ ಬಿಟ್ಟು ವರದಿ ಬಂತು. 4 ಮೈಕ್ರೋಗ್ರಾಂ. ಮಿತಿಯ ಒಳಗೆ. "ನೀರಿನದ್ದಲ್ಲ, ಬೇರೆ ಹುಡುಕಿ" ಎಂದೆ.

ಇದು ನನ್ನ ತಪ್ಪು. ರೋಗಾಣು ಪರೀಕ್ಷೆಗೆ ನೀರು ಹಿಡಿಯುವಾಗ ನಲ್ಲಿಯನ್ನು ಎರಡು ಮೂರು ನಿಮಿಷ ಬಿಡಬೇಕು. ನಲ್ಲಿಯ ಬಾಯಿಯ ಕೊಳೆ ಸೇರಬಾರದು, ಪೈಪಿನ ನೀರು ಮಾತ್ರ ಬೇಕು. ಎಷ್ಟೋ ವರ್ಷ ಹಾಗೇ ಹಿಡಿದ ಕೈ ಅದು. ಆದರೆ ಸೀಸ ಹುಡುಕುವಾಗ ಅದೇ ಉಲ್ಟಾ. ನಲ್ಲಿಯಲ್ಲಿ ರಾತ್ರಿಯಿಡೀ ನಿಂತ ನೀರೇ ಬೇಕು. ನಾನು ಅದನ್ನೇ ಮೋರಿಗೆ ಬಿಟ್ಟಿದ್ದೆ. ಮನೆಯವರು ನನ್ನ ಮಾತು ನಂಬಿದರು. ಕೂಸು ಅದೇ ನೀರು ಇನ್ನೂ ಮೂರು ವಾರ ಕುಡಿಯಿತು. ಆ ಮೂರು ವಾರ ನನ್ನ ಲೆಕ್ಕದ್ದು.

ಆಯಿ ಕೇಳಿದ ಪ್ರಶ್ನೆ

ಒಂದು ದಿನ ಬೇರೆ ಕೆಲಸಕ್ಕೆ ಆ ದಾರಿಯಲ್ಲಿ ಹೋದವನು ಒಳಗೆ ಹೋಗಿ ಕೂತೆ. ಕೂಸಿನ ತಾಯಿ ದಿನಚರಿ ಹೇಳುತ್ತಿದ್ದರು. ಬೆಳಿಗ್ಗೆ ಐದೂವರೆಗೆ ಏಳುತ್ತಾರೆ. ಎದ್ದ ಕೂಡಲೇ ನಲ್ಲಿ ತಿರುವಿ ಮೊದಲ ಚೆಂಬು ನೀರು ಹಿಡಿದು ಕೂಸಿಗೆಂದು ಕುದಿಯಲು ಇಡುತ್ತಾರೆ. ಬೇರೆ ಯಾರ ಕೈಯೂ ಮುಟ್ಟದ ನೀರು ಕೂಸಿಗೆ ಸಿಗಲಿ ಅಂತ. ಕೂಸಿಗೆ ಹುಷಾರಿಲ್ಲದ ಮೇಲೆ ಮೊದಲಿಗಿಂತ ಜಾಸ್ತಿ ಹೊತ್ತು ಕುದಿಸುತ್ತಾರೆ.

ಕೇಳುತ್ತಾ ನನ್ನ ಎದೆ ಝಲ್ಲೆಂದಿತು. ಕುದಿಸಿದರೆ ರೋಗಾಣು ಸಾಯುತ್ತದೆ, ಸೀಸ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಸೀಸ ಗಟ್ಟಿಯಾಗುತ್ತದೆ. ಆ ತಾಯಿಯ ಮುತುವರ್ಜಿಯ ಒಂದೊಂದು ಹೆಜ್ಜೆಯೂ ಇಲ್ಲಿ ಕೂಸಿಗೇ ತಿರುಗಿತ್ತು. ಅವರಿಗೆ ಹೇಗೆ ಹೇಳುವುದು ಎಂದು ಸುಮ್ಮನೆ ಕೂತಿದ್ದೆ.

ನಾನು ನಲ್ಲಿಯ ಕಡೆ ನೋಡಿದೆ. ಹೊಳೆಯುವ ಹೊಸ ನಲ್ಲಿ. ಹೊರಗೆ ಕ್ರೋಮಿನ ಲೇಪ. ಹಳೆಯದು ಸೋರುತ್ತದೆ ಎಂದು ಚೌತಿಯ ಮೊದಲು ಬದಲಿಸಿದ್ದಂತೆ. ಸಿಂಕಿನಲ್ಲಿ ನೀರು ತೊಟ್ಟಿಕ್ಕುವ ಜಾಗದಲ್ಲಿ ಬೆರಳ ಅಗಲದ ತಿಳಿ ಹಸಿರು ಕಲೆ. ಆಯಿ ಬಾಗಿಲಲ್ಲಿ ನಿಂತಿದ್ದರು. ಆ ಕಲೆ ತೋರಿಸಿ ಕೇಳಿದರು. "ಮಾಸ್ತರೇ, ಇದು ಕಿಲುಬಲ್ದಾ? ಕಲಾಯಿ ಹೋದ ಹಿತ್ತಾಳೆ ಪಾತ್ರೇಲಿ ಮಜ್ಜಿಗೆ ಇಟ್ರೆ ಹಿಂಗೇ ಆಗ್ತು. ಈ ನಲ್ಲಿ ಒಳಗೆ ಕಲಾಯಿ ಇದ್ದಾ?"

ಇಲ್ಲ. ನಲ್ಲಿಯ ಒಳಗೆ ಯಾರೂ ಕಲಾಯಿ ಹಾಕುವುದಿಲ್ಲ.

ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಆದರೆ ನಲ್ಲಿ ಮಾಡುವ ಹಿತ್ತಾಳೆಗೆ ಸೀಸವನ್ನೂ ಸೇರಿಸುತ್ತಾರೆ. ಸೀಸ ಇದ್ದರೆ ಲೇತಿನಲ್ಲಿ ಕಡಿಯುವುದು, ಮರೆ (ತಿರುಪಿನ ಗೆರೆ) ಹಾಕುವುದು ಸಲೀಸು. ನೂರಕ್ಕೆ ಎರಡು ಮೂರು ಪಾಲು ಇರುವುದು ಸಾಮಾನ್ಯ. ಗುಜರಿ ಲೋಹ ಕರಗಿಸಿ ಎರಕ ಹೊಯ್ದದ್ದಾದರೆ ಎಷ್ಟಿರುತ್ತದೆ ಎಂದು ಹೊಯ್ದವರಿಗೂ ಗೊತ್ತಿರುವುದಿಲ್ಲ. ಈ ಸೀಸ ಹಿತ್ತಾಳೆಯಲ್ಲಿ ಬೆರೆತು ಒಂದಾಗುವುದಿಲ್ಲ, ಸಣ್ಣ ಸಣ್ಣ ಗುಳಿಗೆಯಾಗಿ ಅಲ್ಲಲ್ಲೇ ಕೂತಿರುತ್ತದೆ. ಕಡಿದ ಮೈಯಲ್ಲಿ ಹೊರಗೆ ಕಂಡ ಗುಳಿಗೆ ನೀರಿಗೆ ಸಿಗುತ್ತದೆ. ನಲ್ಲಿ ಹೊಸದಿದ್ದಾಗಲೇ ಇದು ಜಾಸ್ತಿ. ಅಮೆರಿಕದಲ್ಲಿ 2014ರಿಂದ ಕುಡಿಯುವ ನೀರು ತಾಗುವ ಭಾಗದಲ್ಲಿ ಸೀಸ ಸರಾಸರಿ ನೂರಕ್ಕೆ 0.25 ದಾಟಬಾರದು ಎಂದು ಕಾನೂನೇ ಇದೆ. ಈ ನಲ್ಲಿಯ ಮೇಲೆ ಯಾವ ಗುರುತೂ ಇರಲಿಲ್ಲ.

ಚೌತಿಗೆ ನಲ್ಲಿ ಬದಲು. ಡಿಸೆಂಬರ್‌ಗೆ ಕೂಸಿಗೆ ಹೊಟ್ಟೆನೋವು. ಫೆಬ್ರವರಿಯಿಂದ ಬಾವಿ ನೀರು ಜಾಸ್ತಿ. ದಿನಾಂಕಗಳನ್ನು ಒಂದು ಹಾಳೆಯ ಮೇಲೆ ಬರೆದಾಗ ಮಾತ್ರ ಇದು ಕಣ್ಣಿಗೆ ಬಿತ್ತು.

ಕೆಂಪು ಬಟ್ಟೆ ಕಟ್ಟಿದ ರಾತ್ರಿ

ಆ ದಿನವೇ ಕೂಸಿಗೆ ಆ ನಲ್ಲಿಯ ನೀರು ನಿಲ್ಲಿಸಿ, ಬಾವಿಯಿಂದ ಸೇದಿದ ನೀರು ಕುದಿಸಿ ಕೊಡಿ ಎಂದೆ. ವರದಿಗೆ ಕಾಯಲಿಲ್ಲ. ಮೊದಲ ಸಲವೂ ಹಾಗೇ ಮಾಡಬೇಕಿತ್ತು.

ರಾತ್ರಿ ಹತ್ತಕ್ಕೆ ನಲ್ಲಿ ಬಂದ್ ಮಾಡಿ, ಯಾರೂ ಮರೆತು ತಿರುವಬಾರದು ಅಂತ ಆಯಿ ಅದಕ್ಕೊಂದು ಕೆಂಪು ಬಟ್ಟೆ ಕಟ್ಟಿದರು. ಬೆಳಿಗ್ಗೆ ಐದೂವರೆಗೆ ನಾನು ಬಾಟಲಿ ಜೋಡಿಸಿಕೊಂಡು ಕೂತೆ. ಒಂದು ತೊಟ್ಟೂ ಚೆಲ್ಲದೆ ಮೊದಲು 250 ಮಿಲಿಲೀಟರ್, ಆಮೇಲೆ ಇನ್ನೊಂದು 250, ಆಮೇಲೆ ಒಂದೊಂದು ಲೀಟರಿನ ಮೂರು. ಇದಲ್ಲದೆ ಟ್ಯಾಂಕಿನಿಂದ ಒಂದು, ಬಾವಿಯಿಂದ ಒಂದು, ನಗರಸಭೆ ನೀರು ಬಂದ ದಿನ ಮೀಟರಿನ ಹತ್ತಿರ ಒಂದು.

ಯಾಕೆ ಹೀಗೆ ಸಾಲಾಗಿ ಹಿಡಿಯುವುದು ಅಂದರೆ, ಅರ್ಧ ಇಂಚಿನ ಪೈಪಿನಲ್ಲಿ ಮೀಟರಿಗೆ ಸುಮಾರು 180 ಮಿಲಿಲೀಟರ್ ನೀರು ನಿಂತಿರುತ್ತದೆ. ಮೊದಲ ಕಾಲು ಲೀಟರ್ ಅಂದರೆ ನಲ್ಲಿ ಮತ್ತು ಅದರ ಹಿಂದಿನ ಒಂದೂಕಾಲು ಮೀಟರಿನ ನೀರು. ಮುಂದಿನ ಬಾಟಲಿ ಅದಕ್ಕೂ ಹಿಂದಿನದು. ಯಾವ ಬಾಟಲಿಯಲ್ಲಿ ಸೀಸ ಇದೆ ಎಂದು ಗೊತ್ತಾದರೆ, ಟೇಪು ಹಿಡಿದು ಪೈಪಿನ ಯಾವ ತುಂಡಿನಲ್ಲಿದೆ ಎಂದೂ ಹೇಳಬಹುದು.

ಮೊದಲ ಕಾಲು ಲೀಟರಿನಲ್ಲಿ ಸೀಸ, ಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂಬ ಲೆಕ್ಕದಲ್ಲಿ, 62. ಎರಡನೆಯದರಲ್ಲಿ 19. ಮುಂದಿನ ಲೀಟರಿನಲ್ಲಿ 6. ಕೊನೆಯ ಎರಡರಲ್ಲಿ ಲೆಕ್ಕಕ್ಕೆ ಸಿಗದಷ್ಟು. ಟ್ಯಾಂಕು, ಬಾವಿ, ಮೀಟರು, ಮೂರರಲ್ಲೂ ಸೀಸ ಇರಲಿಲ್ಲ.

ಈ ವರದಿ ಬರುವ ಮೊದಲು ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆದಿತ್ತು. ಆಯಿಯ ಮಗ ಬೆಂಗಳೂರಿನಿಂದ ಫೋನು ಮಾಡಿ, ನಗರಸಭೆಯ ಹಳೆಯ ಪೈಪಿನದೇ ತಪ್ಪು, ದೂರು ಬರೆಯಿರಿ ಎಂದಿದ್ದರು. ಕೂಸಿನ ಅಪ್ಪ ಅರ್ಜಿ ಬರೆದೂ ಇಟ್ಟಿದ್ದರು. ಅನುಮಾನಕ್ಕೆ ಕಾರಣ ಇಲ್ಲದಿಲ್ಲ. ಹಿಂದೆ ಬೀಡು ಕಬ್ಬಿಣದ ಪೈಪುಗಳನ್ನು ಕೂಡಿಸುವಾಗ ಸಂದಿಗೆ ನಾರು ತುರುಕಿ, ಮೇಲೆ ಕರಗಿಸಿದ ಸೀಸ ಹೊಯ್ಯುತ್ತಿದ್ದರು. ಬಹಳ ಊರುಗಳಲ್ಲಿ ಅಂಥ ಜೋಡಣೆ ನೆಲದೊಳಗೆ ಇನ್ನೂ ಇದೆ. ಪೈಪು ಅದೇ ಇದ್ದು ನೀರು ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಫ್ಲಿಂಟ್ ನಗರ ಇದೆ. 2014ರಲ್ಲಿ ಅಲ್ಲಿ ಡೆಟ್ರಾಯಿಟ್‌ನ ನೀರು ಬಿಟ್ಟು ಊರ ನದಿಯ ನೀರು ಕೊಟ್ಟರು. ಪೈಪು ಸವೆಯದಂತೆ ನೀರಿಗೆ ಬೆರೆಸಬೇಕಾದ ರಾಸಾಯನಿಕ ಬೆರೆಸಲಿಲ್ಲ. ಹಳೆಯ ಸೀಸದ ಪೈಪುಗಳ ಒಳಗಿನ ಪದರ ಕಳಚಿ ಮನೆಮನೆಗೆ ಸೀಸ ಹೋಯಿತು. 2015ರ ಅಕ್ಟೋಬರ್‌ನಲ್ಲಿ ಮತ್ತೆ ಹಳೆಯ ನೀರಿಗೆ ಮರಳಬೇಕಾಯಿತು.

ಆದರೆ ನಮ್ಮ ಈ ಮನೆಯಲ್ಲಿ ಮೀಟರಿನವರೆಗೆ ನೀರು ಶುದ್ಧ ಇತ್ತು. ಅರ್ಜಿ ಕೊಡದೆ ನಿಲ್ಲಿಸಿದ್ದು ಸರಿಯಾಯಿತು. ಕೊಟ್ಟಿದ್ದರೆ ಅವರು ಮೀಟರಿನಲ್ಲಿ ಪರೀಕ್ಷೆ ಮಾಡಿ, ಏನೂ ಇಲ್ಲ ಎಂದು ಬರೆದುಕೊಡುತ್ತಿದ್ದರು. ಅದು ನಿಜವೂ ಆಗಿರುತ್ತಿತ್ತು. ಕೂಸು ಮಾತ್ರ ಅದೇ ನಲ್ಲಿಯ ನೀರು ಕುಡಿಯುತ್ತಿತ್ತು.

ನಲ್ಲಿ ಬದಲಿಸಿದರೂ ಮುಗಿಯಲಿಲ್ಲ

ಪ್ಲಂಬರ್ ನಲ್ಲಿ ಬಿಚ್ಚಿ, ನನ್ನ ಮಾತಿಗೆ ಗರಗಸ ಹಿಡಿದು ಉದ್ದಕ್ಕೆ ಸೀಳಿದ. ಹೊರಗೆ ಕನ್ನಡಿಯ ಹಾಗೆ ಹೊಳೆಯುವ ನಲ್ಲಿ. ಒಳಗೆ ಮಸುಕು ಹಳದಿ, ಉಬ್ಬುತಗ್ಗಿನ ಎರಕ, ಮರೆಯ ಸಂದಿಯಲ್ಲೆಲ್ಲ ಹಸಿರು. ಕೂಸಿನ ತಾಯಿ ಆ ಅರ್ಧ ತುಂಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ನಾನು ಅವರಿಗೆ ಹೇಳಿದೆ. ನೀವು ಮಾಡಿದ್ದರಲ್ಲಿ ತಪ್ಪಿಲ್ಲ, ಇದು ಕಣ್ಣಿಗೆ ಕಾಣುವುದಲ್ಲ, ನನಗೂ ಕಾಣಲಿಲ್ಲ ಎಂದು.

ಸ್ಟೇನ್‌ಲೆಸ್ ಸ್ಟೀಲಿನ ನಲ್ಲಿ ಹಾಕಿದೆವು. ಎಲ್ಲರಿಗೂ ಸಮಾಧಾನ ಆಯಿತು. ಆದರೂ ಇನ್ನೊಂದು ರಾತ್ರಿ ಕೆಂಪು ಬಟ್ಟೆ ಕಟ್ಟಿ ನೀರು ಹಿಡಿದೆವು. "ಮತ್ತೆ ಯಾಕೆ ಖರ್ಚು?" ಎಂದು ಕೂಸಿನ ಅಪ್ಪ ಕೇಳಿದ್ದು ಸಹಜವೇ. ವರದಿ ಬಂತು. ಮೊದಲ ಕಾಲು ಲೀಟರಿನಲ್ಲಿ 14. ಇನ್ನೂ ಮಿತಿಗಿಂತ ಮೇಲೆ.

ಸಿಂಕಿನ ಕೆಳಗೆ ಬಗ್ಗಿ ನೋಡಿದರೆ, ನಲ್ಲಿಯ ಜೊತೆಗೇ ಅದೇ ಅಂಗಡಿಯಿಂದ ತಂದ ಆಂಗಲ್ ಕಾಕ್, ಅಂದರೆ ನೀರು ಬಂದ್ ಮಾಡುವ ಸಣ್ಣ ಕಾಕು, ಮತ್ತು ಪೈಪು ಕೂಡಿಸುವ ಎರಡು ಗಿಡ್ಡ ಹಿತ್ತಾಳೆ ನಿಪ್ಪಲ್. ನಮ್ಮ ಕಣ್ಣು ನಲ್ಲಿಯ ಮೇಲಷ್ಟೇ ಇತ್ತು. ಅವನ್ನೂ ತೆಗೆದು ಸ್ಟೀಲಿನದು ಹಾಕಿಸಿದೆವು. ಮೂರನೆಯ ಸಲ 3 ಬಂತು. ಬದಲಿಸಿ ಸುಮ್ಮನಾಗಿದ್ದರೆ ಆ 14 ಯಾರಿಗೂ ತಿಳಿಯುತ್ತಿರಲಿಲ್ಲ.

ಆರ್‌ಒ ಯಂತ್ರ ಹಾಕಿಸೋಣವೇ ಎಂದೂ ಕೇಳಿದರು. ಒಳ್ಳೆಯ ಆರ್‌ಒ ಸೀಸ ತೆಗೆಯುತ್ತದೆ, ನಿಜ. ಆದರೆ ಅದರಿಂದ ಹೊರಬರುವ ನೀರು ಈಗಿನದಕ್ಕಿಂತ ಮೆತ್ತಗೆ. ಅದನ್ನು ಮತ್ತೆ ಹಿತ್ತಾಳೆ ನಲ್ಲಿಯಲ್ಲಿ ಹಿಡಿದರೆ ಏನು ಬಂತು? ನಮ್ಮ ಬಾವಿ ನೀರಿಗೆ ಅದು ಬೇಕೂ ಇಲ್ಲ. ನಾವು ಆರಿಸಿದ್ದು ಸುಣ್ಣಕಲ್ಲು. ಬಾವಿ ನೀರು ಟ್ಯಾಂಕಿಗೆ ಬೀಳುವ ಬಾಯಿಯಲ್ಲಿ ತೊಳೆದ ಸುಣ್ಣಕಲ್ಲಿನ ಜಲ್ಲಿ ತುಂಬಿದ ಒಂದು ಡ್ರಮ್ಮು ಇಟ್ಟು, ನೀರು ಅದರ ಮೂಲಕ ಹಾಯುವ ಹಾಗೆ ಮಾಡಿದೆವು. ಹುಳಿ ಇದ್ದಷ್ಟೇ ಕಲ್ಲು ಕರಗುತ್ತದೆ, ಹೆಚ್ಚಾಗುವ ಭಯ ಇಲ್ಲ. ಸುಟ್ಟ ಸುಣ್ಣ ಆದರೆ ಅಳತೆ ತಪ್ಪಿದರೆ ಕಷ್ಟ. ಪಿಎಚ್ 5.8 ಇದ್ದದ್ದು 7ಕ್ಕೆ ಬಂತು. ಹಿಂದೆ ಬಾವಿ ಕೆಸರು ತೆಗೆದ ಮೇಲೆ ಚಿಪ್ಪಿ ಸುಣ್ಣ ಹಾಕುತ್ತಿದ್ದರಲ್ಲ ಎಂದು ಆಯಿ ನೆನಪಿಸಿಕೊಂಡರು. ಈ ಡ್ರಮ್ಮಿನ ಕಲ್ಲು ಸವೆದಂತೆ ತುಂಬಬೇಕು. ವರ್ಷಕ್ಕೊಮ್ಮೆ ತೆಗೆದು ತೊಳೆಯಬೇಕು. ಇದನ್ನು ಮರೆತರೆ ನೀರು ಮತ್ತೆ ಮೊದಲಿನ ಹಾಗೇ.

ಕೂಸು ಈಗ

ರಕ್ತದಲ್ಲಿನ ಸೀಸ ಸುಮಾರು ಒಂದು ತಿಂಗಳಿಗೆ ಅರ್ಧಕ್ಕೆ ಇಳಿಯಬೇಕು ಎಂಬುದು ಲೆಕ್ಕ. ಆದರೆ ಮೂಳೆಯಲ್ಲಿ ಸೇರಿಕೊಂಡದ್ದು ವರ್ಷಗಟ್ಟಲೆ ಉಳಿದು, ನಿಧಾನಕ್ಕೆ ರಕ್ತಕ್ಕೆ ಮರಳುತ್ತಿರುತ್ತದೆ. ಹಾಗಾಗಿ ಇಳಿಕೆ ಲೆಕ್ಕದಷ್ಟು ಚುರುಕಾಗಿರುವುದಿಲ್ಲ. ಮೂರು ತಿಂಗಳಿಗೆ 11 ಇದ್ದದ್ದು 6 ಆಯಿತು. ಎಂಟು ತಿಂಗಳಿಗೆ 4. ಕಬ್ಬಿಣದ ಔಷಧಿ ಮುಂದುವರಿಯಿತು. ರಾಗಿ, ಹಾಲು, ಬಸಳೆ, ನೆಲ್ಲಿಕಾಯಿ ತಂಬುಳಿ ಎಂದು ಊಟದಲ್ಲೂ ಸುಣ್ಣದಂಶ (ಕ್ಯಾಲ್ಸಿಯಂ), ಕಬ್ಬಿಣ ಸೇರುವ ಹಾಗೆ ನೋಡಿಕೊಂಡರು. ಹಿಮೋಗ್ಲೋಬಿನ್ ಈ ಸಲ ಏರಿತು. ಕೂಸು ಈಗ ತಾನೇ ಬಟ್ಟಲು ಹಿಡಿದು ಎರಡನೆಯ ಸಲ ಅನ್ನ ಕೇಳುತ್ತದೆ. ಆ ತಿಂಗಳುಗಳಲ್ಲಿ ಮಿದುಳಿಗೆ ಏನಾದರೂ ಪೆಟ್ಟು ಬಿದ್ದಿದೆಯೇ ಎಂದು ಇಂದೇ ಹೇಳಲಾಗದು. ಶಾಲೆಗೆ ಹೋದ ಮೇಲೂ ಗಮನ ಇಟ್ಟಿರಿ ಎಂದು ಡಾಕ್ಟರು ಹೇಳಿದ್ದಾರೆ.

ಒಂದು ವಿಷಯ ಹೇಳದೆ ಬಿಡಲಾರೆ. ಮೇಲಿನ ಬಿಡಾರದಲ್ಲಿದ್ದ ಹೆಣ್ಣುಮಗಳು ಆಗ ಆರು ತಿಂಗಳ ಬಸುರಿ. ಅವರ ಅಡುಗೆಮನೆಗೂ ಅದೇ ಅಂಗಡಿಯ ನಲ್ಲಿ. ಸೀಸ ತಾಯಿಯ ರಕ್ತದಿಂದ ಹೊಟ್ಟೆಯೊಳಗಿನ ಮಗುವಿಗೆ ದಾಟುತ್ತದೆ. ಕೆಳಗಿನ 62ರ ವರದಿ ಕೈಗೆ ಬಂದ ಸಂಜೆಯೇ, ಅವರ ಮನೆಯ ನೀರು ಪರೀಕ್ಷೆಗೆ ಕಳಿಸುವ ಮೊದಲೇ, ಆಯಿ ತಮ್ಮ ಖರ್ಚಿನಲ್ಲಿ ಅಲ್ಲಿಯ ನಲ್ಲಿಯನ್ನೂ ತೆಗೆಸಿದರು. ಸಿಂಕಿನ ಕೆಳಗಿನ ಕಾಕು, ನಿಪ್ಪಲ್ ಹೊರಬಿದ್ದದ್ದು ಕೆಳಗಿನ 14 ಬಂದ ದಿನ.

ಆ ಮನೆಯ ಮಾಣಿಗೆ ಈಗ ಐದು ತಿಂಗಳು. ಮುಂದಿನ ತಿಂಗಳು ರಾಗಿ ಸರಿ, ನೀರು ಶುರು ಮಾಡುತ್ತಾರೆ. ಅದಕ್ಕೂ ಮೊದಲು ಒಂದು ಬಾಟಲಿ ಹಿಡಿದುಕೊಡಿ ಮಾಸ್ತರೇ ಎಂದು ಅವನ ಅಪ್ಪ ನಿನ್ನೆ ಬಂದು ಹೇಳಿ ಹೋದರು. ಶನಿವಾರ ರಾತ್ರಿ ಹತ್ತಕ್ಕೆ ಎಂದು ಗೊತ್ತು ಮಾಡಿದ್ದೇವೆ. ಕೆಂಪು ಬಟ್ಟೆ ಆಯಿಯ ಹತ್ತಿರ ಇದೆ.